ಕರೆಂಟ್ ಪದೇ ಪದೇ ಹೋಗುವ ಊರಲ್ಲಿ ಗ್ರಿಡ್ ಸೋಲಾರ್ ಹಾಕಿಸಬಹುದಾ? ಹಂತ ಹಂತವಾಗಿ ನೋಡೋಣ

ಮೊದಲೇ ಹೇಳಿಬಿಡುತ್ತೇನೆ. ಮನೆ ಮೇಲೆ 3 ಕಿಲೋವ್ಯಾಟ್ ಗ್ರಿಡ್ ಸೋಲಾರ್ (ಬ್ಯಾಟರಿ ಇಲ್ಲದೆ ನೇರ ಬೀದಿಯ ಲೈನಿಗೆ, ಅಂದರೆ ಗ್ರಿಡ್‌ಗೆ ಜೋಡಿಸುವ ಸೋಲಾರ್) ಇದ್ದರೂ ಬೀದಿಯ ಕರೆಂಟ್ ಹೋದ ಕೂಡಲೇ ನಿಮ್ಮ ಫ್ಯಾನೂ ನಿಲ್ಲುತ್ತದೆ. ಮಟಮಟ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಲ್ಲೂ ಹಾಗೇ. ಮಾರುವವರು ಇದನ್ನು ಮುಚ್ಚಿಡುತ್ತಾರೆ ಅಂತಲ್ಲ. ಸಬ್ಸಿಡಿ, ಝೀರೋ ಬಿಲ್, 25 ವರ್ಷದ ವಾರಂಟಿ ಎಲ್ಲ ಹೇಳಿ ಮುಗಿಸಿ, ಅಡ್ವಾನ್ಸ್ ಈಸಿಕೊಳ್ಳುವ ಹೊತ್ತಿಗೆ ಒಂದು ಸಾಲಿನಲ್ಲಿ ಹೇಳಿ ಹೋಗುತ್ತಾರೆ, ಅಷ್ಟೆ.

ಹಾಗಾದರೆ ಕರೆಂಟ್ ಪದೇ ಪದೇ ಹೋಗುವ ಕಡೆ ಇದು ದಂಡವಾ? ಅಲ್ಲ. ಕೆಲವು ಮನೆಗಳಿಗೆ ಚೆನ್ನಾಗಿ ಹೊಂದುತ್ತದೆ, ಕೆಲವು ಮನೆಗಳಿಗೆ ಸುಮ್ನೆ ದುಡ್ಡು ಸುರಿದ ಹಾಗೆ. ಯಾವುದು ಅನ್ನೋದನ್ನು ತೀರ್ಮಾನಿಸುವುದು ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಅನ್ನೋದಲ್ಲ, ಯಾವ ಹೊತ್ತಿಗೆ ಹೋಗುತ್ತದೆ ಅನ್ನೋದು. ಕೆಳಗಿನ ಎಲ್ಲ ಲೆಕ್ಕವೂ ಅದರ ಸುತ್ತಲೇ ಇದೆ. ನಾನು ಕರ್ನಾಟಕದ ಹಳ್ಳಿ, ಸಣ್ಣ ಪಟ್ಟಣಗಳ ಮನೆಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಕರೆಂಟ್ ಹೋದಾಗ ಸೋಲಾರ್ ಯಾಕೆ ನಿಲ್ಲುತ್ತದೆ

ಕಾರಣ ಎರಡು. ಒಂದು, ಲೈನ್‌ಮ್ಯಾನ್ ಜೀವ. ಟಿಸಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್, ಆಫ್ ಮಾಡಿ ಅವರು ಕಂಬ ಹತ್ತಿದಾಗ ನಿಮ್ಮ ಮನೆಯಿಂದ ಲೈನಿಗೆ ಕರೆಂಟ್ ಹರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಗ್ರಿಡ್ ಹೋದ ಎರಡು ಸೆಕೆಂಡಿನೊಳಗೆ ಇನ್ವರ್ಟರ್ (ಪ್ಯಾನಲ್ಲಿನ ಡಿಸಿ ಕರೆಂಟನ್ನು ಮನೆಯಲ್ಲಿ ಬಳಸುವ ಎಸಿ ಮಾಡುವ ಪೆಟ್ಟಿಗೆ) ತಾನಾಗಿ ನಿಲ್ಲಬೇಕು ಅಂತ ನಿಯಮವೇ ಇದೆ. ಎರಡನೆಯದು, ಇನ್ವರ್ಟರಿನ ಸ್ವಭಾವ. ಗ್ರಿಡ್ ಇನ್ವರ್ಟರ್ ತಾನಾಗಿ 230 ವೋಲ್ಟ್, 50 ಹರ್ಟ್ಜ್ ಹುಟ್ಟಿಸುವುದಿಲ್ಲ. ಲೈನಿನಲ್ಲಿ ಇರುವುದನ್ನು ನೋಡಿಕೊಂಡು ಅದಕ್ಕೆ ಸರಿಯಾಗಿ ತನ್ನದನ್ನು ಸೇರಿಸುತ್ತದೆ. ಶ್ರುತಿ ಪೆಟ್ಟಿಗೆ ನಿಂತರೆ ಹಾಡು ನಿಲ್ಲಿಸುವ ಹಾಡುಗಾರನ ಹಾಗೆ ಅದು.

ಇನ್ನೊಂದು ವಿಷಯ ಜನರಿಗೆ ಗೊತ್ತಿರುವುದಿಲ್ಲ. ಕರೆಂಟ್ ಪೂರ್ತಿ ಹೋಗಬೇಕು ಅಂತೇನಿಲ್ಲ. ಲೈನಿನ ವೋಲ್ಟೇಜ್ ಶೇ 80ಕ್ಕಿಂತ ಇಳಿದರೆ, ಅಂದರೆ ಸುಮಾರು 184 ವೋಲ್ಟ್‌ಗಿಂತ ಕೆಳಗೆ ಬಂದರೆ, ಅಥವಾ ಶೇ 110 ದಾಟಿ 253ಕ್ಕಿಂತ ಮೇಲೆ ಹೋದರೆ ಕೂಡ ಇನ್ವರ್ಟರ್ ಲೈನಿನಿಂದ ಬಿಟ್ಟುಕೊಳ್ಳಬೇಕು. ಆಮೇಲೆ ಎಲ್ಲ ಸರಿಹೋಗಿ ಕಡೇಪಕ್ಷ 60 ಸೆಕೆಂಡ್ ಸ್ಥಿರವಾಗಿ ನಿಂತ ಮೇಲೆಯೇ ಮತ್ತೆ ಸೇರಬೇಕು. ಎಷ್ಟೋ ಇನ್ವರ್ಟರ್‌ಗಳು ಇನ್ನೂ ಜಾಸ್ತಿ ಹೊತ್ತು ಕಾಯುತ್ತವೆ. ಹಾಗಾಗಿ ಡಿಮ್ ಕರೆಂಟಿನ ಊರಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಹೋಗಿ ಬರುವ ಲೈನಿನಲ್ಲಿ, ಮನೆಯವರಿಗೆ ಕರೆಂಟ್ ಇದೆ ಅನ್ನಿಸುತ್ತಿರುತ್ತದೆ, ಆದರೆ ಸೋಲಾರ್ ಅರ್ಧ ದಿನ ಸುಮ್ಮನೆ ಕೂತಿರುತ್ತದೆ.

ಹಂತ 1: ಒಂದು ತಿಂಗಳು ಕರೆಂಟಿನ ಡೈರಿ ಬರೆಯಿರಿ

ಯಾರಿಗೂ ಫೋನ್ ಮಾಡುವ ಮುಂಚೆ ಇದನ್ನು ಮಾಡಿ. ಗೋಡೆಯ ಕ್ಯಾಲೆಂಡರ್ ಸಾಕು. ಕರೆಂಟ್ ಯಾವಾಗ ಹೋಯಿತು, ಯಾವಾಗ ಬಂತು ಅಂತ ಆಯಾ ದಿನದ ಚೌಕದಲ್ಲಿ ಬರೆಯಿರಿ. ಮನೆಯಲ್ಲಿ ಯಾರೂ ಇರದ ಹೊತ್ತಿನದು ತಪ್ಪಿಹೋಗುತ್ತದೆ ಅಂತಾದರೆ ಪಕ್ಕದ ಅಂಗಡಿಯವರನ್ನೋ, ಫ್ಲೋರ್ ಮಿಲ್ಲಿನವರನ್ನೋ ಕೇಳಿ. ಅವರಿಗೆ ನಿಮಿಷದ ಲೆಕ್ಕ ಗೊತ್ತಿರುತ್ತದೆ.

ಇದರ ಜೊತೆಗೆ ಪ್ಲಗ್ಗಿಗೆ ಸಿಕ್ಕಿಸುವ ವೋಲ್ಟ್ ಮೀಟರ್ ಒಂದು ತಂದು, ಬೆಳಿಗ್ಗೆ 11ಕ್ಕೆ, ಮಧ್ಯಾಹ್ನ 1ಕ್ಕೆ, ಸಂಜೆ 7ಕ್ಕೆ ಎಷ್ಟು ತೋರಿಸುತ್ತದೆ ನೋಡಿ. ಸ್ಟೆಬಿಲೈಸರ್ ಇದ್ದರೆ ಅದರಲ್ಲೇ ಕಾಣುತ್ತದೆ, ಆದರೆ ಒಳಗೆ ಬರುವ ವೋಲ್ಟೇಜ್ ನೋಡಬೇಕು, ಅದು ಸರಿಪಡಿಸಿ ಕೊಡುವುದನ್ನಲ್ಲ. ಸಂಜೆಯ ಲೋ ವೋಲ್ಟೇಜ್ ಸೋಲಾರಿಗೆ ಲೆಕ್ಕಕ್ಕಿಲ್ಲ. ಹಗಲಿನದು ಲೆಕ್ಕ. ನಿಮ್ಮದು ಲೈನಿನ ಕೊನೆಯ ಮನೆಯಾಗಿದ್ದು, ಪಂಪ್‌ಸೆಟ್‌ಗಳು ಶುರುವಾದ ಕೂಡಲೇ 175ಕ್ಕೆ ಇಳಿಯುತ್ತದೆ ಅಂದರೆ, ಅದು ನಿಮ್ಮ ಪಾಲಿಗೆ ಪವರ್ ಕಟ್ ಇದ್ದ ಹಾಗೆಯೇ. ಡೈರಿಯಲ್ಲಿ ಅದನ್ನೂ ಕಟ್ ಅಂತಲೇ ಬರೆಯಿರಿ.

ತಿಂಗಳಾದ ಮೇಲೆ ಬೆಳಿಗ್ಗೆ 9ರಿಂದ ಸಂಜೆ 4ರ ಒಳಗಿನ ಕಟ್‌ಗಳನ್ನು ಮಾತ್ರ ಕೂಡಿಸಿ. ಉಳಿದದ್ದು ಸೋಲಾರಿನ ಉತ್ಪಾದನೆಗೆ ಹೆಚ್ಚುಕಡಿಮೆ ಸಂಬಂಧವಿಲ್ಲದ್ದು.

ಈಗ ಕೈಲೆಕ್ಕ. ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನಲ್ ವರ್ಷದ ಸರಾಸರಿ ಹಿಡಿದರೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟಿಗೆ 12 ಯೂನಿಟ್. ಬೆಳಿಗ್ಗೆ 6ರಿಂದ 8ರವರೆಗೆ ಕರೆಂಟ್ ಹೋದರೆ ನಷ್ಟ ಏನೂ ಇಲ್ಲ ಅನ್ನಬಹುದು. ಅದೇ 11ರಿಂದ 1ರವರೆಗೆ ಹೋದರೆ ಸುಮಾರು 4 ಯೂನಿಟ್, ಅಂದರೆ ದಿನದ ಮೂರನೇ ಒಂದು ಭಾಗ ಹೋಯಿತು. ತಿಂಗಳಿಗೊಮ್ಮೆ ರಿಪೇರಿಗೆ ಅಂತ ಬೆಳಿಗ್ಗೆ 10ರಿಂದ 5ರವರೆಗೆ ತೆಗೆಯುತ್ತಾರಲ್ಲ, ಅದರಿಂದ ಆಗುವ ನಷ್ಟ 10 ಯೂನಿಟ್ ಆಸುಪಾಸು. ಯೂನಿಟ್ಟಿಗೆ ಸುಮಾರು 6 ರೂಪಾಯಿ ಅಂತ ಹಿಡಿದರೆ 60 ರೂಪಾಯಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಲೆ ಕೆಡಿಸಿಕೊಳ್ಳಬೇಕಾದ್ದು ದಿನಾ ಮಧ್ಯಾಹ್ನ ಬರುವ ಎರಡು ಗಂಟೆಯ ಪವರ್ ಕಟ್ ಬಗ್ಗೆ.

ಹಗಲಿನ ಕಟ್ ದಿನಕ್ಕೆ ಸರಾಸರಿ ಒಂದು ಗಂಟೆಯೊಳಗಿದ್ದರೆ ಗ್ರಿಡ್ ಸೋಲಾರ್ ಲಾಭದ್ದೇ. ಒಂದರಿಂದ ಮೂರು ಗಂಟೆ ಇದ್ದರೆ ಬ್ಯಾಟರಿ ಇರುವ ಹೈಬ್ರಿಡ್ ಕಡೆ ನೋಡಿ. ಮೂರಕ್ಕಿಂತ ಜಾಸ್ತಿ ಅಂದರೆ ಬರೀ ಗ್ರಿಡ್ ಸೋಲಾರ್ ಬೇಡವೇ ಬೇಡ. ಇದು ನನ್ನ ಅಳತೆ, ಯಾವ ಇಲಾಖೆಯದ್ದೂ ಅಲ್ಲ.

ಹಂತ 2: ನಿಮ್ಮ ಲೈನ್ ಯಾವುದು ಅಂತ ತಿಳಿದುಕೊಳ್ಳಿ

ಒಂದೇ ಊರಲ್ಲಿ ಎರಡು ಥರದ ಲೈನ್ ಇರುತ್ತದೆ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ಕಡೆ ಊರಿನ ಮನೆಗಳ ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ಲೈನ್) ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಆಯಿತು. ಊರೊಳಗಿನ ಮನೆಗೆ ಹಗಲಿಡೀ ಕರೆಂಟ್ ಇರುತ್ತದೆ. ಆದರೆ ತೋಟದ ಮನೆ ಪಂಪ್‌ಸೆಟ್ ಲೈನಿನಲ್ಲಿದ್ದರೆ ಕತೆಯೇ ಬೇರೆ. ಅಲ್ಲಿ ತ್ರೀ ಫೇಸ್ ಕೊಡುವುದು ಏಳು ಗಂಟೆ, ಅದೂ ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ಅಂತ ಪಾಳಿಯಲ್ಲಿ ಇರಬಹುದು. ಉಳಿದ ಹೊತ್ತು ಸಿಂಗಲ್ ಫೇಸ್ ಕೊಟ್ಟರೆ ಕೊಟ್ಟರು. 2023ರ ಬರದ ವರ್ಷ ಅಕ್ಟೋಬರಿನಲ್ಲಿ ಆ ಏಳು ಗಂಟೆ ಐದಕ್ಕೆ ಇಳಿದದ್ದು ರೈತರಿಗೆಲ್ಲ ನೆನಪಿದೆ. ಇಂಥ ಲೈನಿಗೆ ಗ್ರಿಡ್ ಸೋಲಾರ್ ಕಟ್ಟುವುದು ಅಂದರೆ ಬಿಸಿಲಿರುವಾಗ ಗ್ರಿಡ್ ಇಲ್ಲ, ಗ್ರಿಡ್ ಇರುವಾಗ ಬಿಸಿಲಿಲ್ಲ ಅನ್ನೋ ಪಾಡು. ತೋಟದ ಮನೆಯವರು ನೇರ ಹಂತ 4ರ ಕೊನೆಯ ದಾರಿಗೆ ಹೋಗಿ.

ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ಬಿಲ್ ಮೇಲಿರುವ ಆರ್‌ಆರ್ ನಂಬರ್ ಹೇಳಿದರೆ ಯಾವ ಫೀಡರ್ ಅಂತ ಹೇಳುತ್ತಾರೆ. ಅದಕ್ಕಿಂತ ಬೇಗ ಹೇಳುವವರು ನಿಮ್ಮ ಲೈನ್‌ಮ್ಯಾನ್. ಆ ಟಿಸಿಗೆ ಈಗಾಗಲೇ ಎಷ್ಟು ಸೋಲಾರ್ ಮನೆಗಳಿವೆ ಅಂತಲೂ ಅವರನ್ನೇ ಕೇಳಿ. ಜಾಸ್ತಿ ಇದ್ದರೆ ಭಾನುವಾರದ ಮಧ್ಯಾಹ್ನ, ಯಾರೂ ಕರೆಂಟ್ ಬಳಸದ ಹೊತ್ತಿನಲ್ಲಿ, ವೋಲ್ಟೇಜ್ 253 ದಾಟಿ ಎಲ್ಲರ ಇನ್ವರ್ಟರೂ ಒಂದೊಂದಾಗಿ ಬಿಟ್ಟುಕೊಳ್ಳುವುದುಂಟು.

ಋತುವನ್ನೂ ಸೇರಿಸಿ ನೋಡಿ. ಕಲಬುರಗಿ, ರಾಯಚೂರು, ಬಳ್ಳಾರಿ, ಚಿತ್ರದುರ್ಗದ ಕಡೆ ಕರೆಂಟಿನ ಕಾಟ ಜಾಸ್ತಿ ಬೇಸಿಗೆಯಲ್ಲಿ. ಆಗ ಬಿಸಿಲಿಗೇನೂ ಬರವಿಲ್ಲ. ಚಿಕ್ಕ ಬ್ಯಾಟರಿ ಇದ್ದರೂ ದಿನದಿನಕ್ಕೆ ತುಂಬಿಕೊಳ್ಳುತ್ತದೆ. ತೀರ್ಥಹಳ್ಳಿ, ಸಿರ್ಸಿ, ಸುಳ್ಯ, ಬೆಳ್ತಂಗಡಿ ಕಡೆ ಉಲ್ಟಾ. ಕರೆಂಟ್ ಹೋಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಮರ ಬಿದ್ದು, ಕಂಬ ಮುರಿದು. ಹೋದರೆ ಎರಡು ದಿನ ಬರದೆಯೂ ಇರಬಹುದು. ಅದೇ ಹೊತ್ತಿಗೆ ಮೋಡ ಕವಿದು ಪ್ಯಾನಲ್ ಕೊಡುವುದೂ ತೀರಾ ಕಮ್ಮಿ. ಮಲೆನಾಡಿನವರು "ಮಳೆಗಾಲದ ಕತ್ತಲೆಗೆ ಸೋಲಾರ್" ಅಂತ ಹೊರಟರೆ ನಿರಾಸೆಯಾಗುತ್ತದೆ. ಬೇಸಿಗೆಯ ಬಿಲ್ಲಿಗೆ ಸೋಲಾರ್, ಮಳೆಗಾಲದ ರಾತ್ರಿಗೆ ಗ್ರಿಡ್ ಇದ್ದಾಗ ತುಂಬಿಟ್ಟುಕೊಂಡ ಬ್ಯಾಟರಿ ಅಂತ ಬೇರೆ ಬೇರೆ ಮಾಡಿ ಯೋಚಿಸಬೇಕು.

ಹಂತ 3: ನಿಮಗೆ ಬೇಕಾದ್ದು ಬಿಲ್ ಇಳಿಯುವುದಾ, ದೀಪ ಉರಿಯುವುದಾ?

ಇದು ಮುಜುಗರದ ಪ್ರಶ್ನೆ, ಯಾಕೆಂದರೆ ಎಲ್ಲರೂ ಎರಡೂ ಅನ್ನುತ್ತಾರೆ. ಬಿಲ್ ಕೈಗೆ ತೆಗೆದುಕೊಳ್ಳಿ.

200 ಯೂನಿಟ್‌ವರೆಗಿನ ಉಚಿತ ಕರೆಂಟಿನ ಗೃಹಜ್ಯೋತಿ 2023ರಲ್ಲಿ ಬಂದ ಮೇಲೆ ಕರ್ನಾಟಕದ ಲಕ್ಷಾಂತರ ಮನೆಗಳ ಬಿಲ್ ಸೊನ್ನೆ ಬರುತ್ತಿದೆ. ನಿಮ್ಮದೂ ಹಾಗಿದ್ದರೆ ಗ್ರಿಡ್ ಸೋಲಾರ್ ಉಳಿಸುವುದಾದರೂ ಏನನ್ನು? ಹೊರಗೆ ಕಳಿಸಿದ ಯೂನಿಟ್ಟಿಗೆ ಸಿಗುವ ದರ ನೀವು ಕೊಂಡುಕೊಳ್ಳುವ ದರಕ್ಕಿಂತ ಕಡಿಮೆ, ಅದನ್ನೇ ನಂಬಿ ಲಕ್ಷ ರೂಪಾಯಿ ಹಾಕುವುದು ಜಾಣತನವಲ್ಲ. ನಿಮಗೆ ಬೇಕಿರುವುದು ಬ್ಯಾಟರಿ, ಪ್ಯಾನಲ್ ಅಲ್ಲ. ಅದೇ ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುತ್ತಿದ್ದೀರಿ, 300-350 ಯೂನಿಟ್ ಬಳಕೆ ಇದೆ, ಏಸಿಯೋ ಬೋರಿನ ಮೋಟರೋ ಇದೆ ಅಂದರೆ ಲೆಕ್ಕ ಬದಲಾಗುತ್ತದೆ. 3 ಕಿಲೋವ್ಯಾಟ್ ತಿಂಗಳಿಗೆ 350 ಯೂನಿಟ್ ಆಸುಪಾಸು ಕೊಡುತ್ತದೆ, ಅಂದರೆ ಎರಡು ಸಾವಿರ ರೂಪಾಯಿಯಷ್ಟು. ಫಿಕ್ಸೆಡ್ ಚಾರ್ಜ್ ಮಾತ್ರ ಹೋಗುವುದಿಲ್ಲ, ಅದನ್ನು ಕಟ್ಟುತ್ತಲೇ ಇರಬೇಕು. ಹಾಗಾಗಿ "ಝೀರೋ ಬಿಲ್" ಅನ್ನೋ ಮಾತನ್ನು ನಂಬಬೇಡಿ.

ಖರ್ಚಿನ ಕಡೆ ನೋಡಿದರೆ, ಬ್ಯಾಟರಿ ಇಲ್ಲದ 3 ಕಿಲೋವ್ಯಾಟಿಗೆ ಸುಮಾರು ಎರಡು ಲಕ್ಷದ ಒಳಗೆ ಹೊರಗೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದರ ಮೇಲೆ ಎಷ್ಟೇ ದೊಡ್ಡದು ಹಾಕಿಸಿದರೂ ಅಷ್ಟೇ. ಇದನ್ನು ಕಳೆದು, ತಿಂಗಳ ಎರಡು ಸಾವಿರದಿಂದ ಭಾಗಿಸಿದರೆ ಐದು ವರ್ಷದ ಹತ್ತಿರ ಬರುತ್ತದೆ. ಈಗ ನಿಮ್ಮ ಡೈರಿಯ ಪ್ರಕಾರ ಹಗಲಿನ ನಷ್ಟ ಶೇ 15 ಅಂದರೆ ಐದು ಆರಾಗುತ್ತದೆ. ಶೇ 40 ಅಂದರೆ ಎಂಟು ದಾಟುತ್ತದೆ. ಪ್ಯಾನಲ್ 25 ವರ್ಷ ಬಂದರೂ ಇನ್ವರ್ಟರ್ ಅಷ್ಟು ಬರುವುದಿಲ್ಲ, ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬದಲಿಸುವ ಖರ್ಚನ್ನೂ ಮನಸ್ಸಲ್ಲಿಟ್ಟುಕೊಳ್ಳಿ.

ಹಂತ 4: ನಾಲ್ಕು ದಾರಿಗಳಲ್ಲಿ ಒಂದನ್ನು ಆರಿಸಿ

ಮೊದಲ ದಾರಿ, ಬರೀ ಗ್ರಿಡ್ ಸೋಲಾರ್, ಪಕ್ಕದಲ್ಲಿ ಮನೆಯಲ್ಲಿ ಈಗಾಗಲೇ ಇರುವ ಯುಪಿಎಸ್. ಎರಡಕ್ಕೂ ಸಂಬಂಧ ಬೇಡ. ಸೋಲಾರ್ ಹಗಲು ಬಿಲ್ ಇಳಿಸುತ್ತದೆ, ಯುಪಿಎಸ್ ರಾತ್ರಿ ದೀಪ ಉರಿಸುತ್ತದೆ. ಕಟ್ ಹೆಚ್ಚಾಗಿ ರಾತ್ರಿ, ಸಂಜೆ ಆಗುವ ಊರಿಗೆ ಇದಕ್ಕಿಂತ ಅಗ್ಗದ, ತಲೆನೋವಿಲ್ಲದ ವ್ಯವಸ್ಥೆ ಇಲ್ಲ. ನನ್ನನ್ನು ಕೇಳಿದರೆ ಅರ್ಧಕ್ಕರ್ಧ ಮನೆಗಳಿಗೆ ಇದೇ ಸಾಕು, ಆದರೆ ಇದರಲ್ಲಿ ಮಾರುವವರಿಗೆ ಲಾಭ ಕಮ್ಮಿ, ಹಾಗಾಗಿ ಯಾರೂ ಜೋರಾಗಿ ಹೇಳುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಕೆಲವು ಅತಿ ಜಾಣ ಎಲೆಕ್ಟ್ರಿಷಿಯನ್‌ಗಳು ಗ್ರಿಡ್ ಇನ್ವರ್ಟರನ್ನು ಯುಪಿಎಸ್‌ನ ಔಟ್‌ಪುಟ್‌ಗೆ ಜೋಡಿಸಿ "ಕರೆಂಟ್ ಹೋದರೂ ಸೋಲಾರ್ ನಡೆಯುತ್ತದೆ ನೋಡಿ ಸಾರ್" ಅನ್ನುತ್ತಾರೆ. ನಡೆಯಲೂಬಹುದು, ಸ್ವಲ್ಪ ಹೊತ್ತು. ಮನೆಯಲ್ಲಿ ಬಳಕೆ ಕಮ್ಮಿಯಾದ ಕೂಡಲೇ ಮಿಕ್ಕ ಕರೆಂಟ್ ಹೋಗಲು ಜಾಗವಿಲ್ಲದೆ ಯುಪಿಎಸ್ ಒಳಗೇ ತಿರುಗಿ ನುಗ್ಗುತ್ತದೆ. ಯುಪಿಎಸ್ ಸುಡಬಹುದು, ಬ್ಯಾಟರಿ ಕುದಿಯಬಹುದು. ಡೀಸೆಲ್ ಜನರೇಟರ್ ಜೊತೆಗೂ ಹೀಗೆ ಜೋಡಿಸಬಾರದು.

ಎರಡನೇ ದಾರಿ ಹೈಬ್ರಿಡ್ ಇನ್ವರ್ಟರ್ ಮತ್ತು ಲಿಥಿಯಂ ಬ್ಯಾಟರಿ. ಇದು ಗ್ರಿಡ್ ಇದ್ದಾಗ ಗ್ರಿಡ್ ಜೊತೆ ನಡೆಯುತ್ತದೆ, ಹೋದಾಗ ಲೈನನ್ನು ಕತ್ತರಿಸಿಕೊಂಡು ಬೇರೆ ಒಂದು ಬ್ಯಾಕಪ್ ಔಟ್‌ಪುಟ್‌ನಿಂದ ಮನೆಗೆ ಕೊಡುತ್ತದೆ. ಬಿಸಿಲಿದ್ದರೆ ಕಟ್ ಹೊತ್ತಿನಲ್ಲೂ ಪ್ಯಾನಲ್ ಕೆಲಸ ಮಾಡುತ್ತಲೇ ಇರುತ್ತದೆ, ಬ್ಯಾಟರಿ ತುಂಬುತ್ತದೆ. ಹಗಲಲ್ಲೇ ಒಂದೆರಡು ಗಂಟೆ ಕರೆಂಟ್ ಹೋಗುವ ಮನೆಗೆ ಸರಿಯಾದದ್ದು ಇದು. 5 ಯೂನಿಟ್ ಹಿಡಿಯುವ ಬ್ಯಾಟರಿ ಸೇರಿದರೆ ಖರ್ಚು ಒಂದು, ಒಂದೂವರೆ ಲಕ್ಷ ಏರುತ್ತದೆ. ಬ್ಯಾಟರಿಗೆ ಸಬ್ಸಿಡಿ ಇಲ್ಲ. ಇನ್ನೊಂದು ಮಾತು: "ಹೈಬ್ರಿಡ್ ಈಗ ಹಾಕಿಸಿ, ಬ್ಯಾಟರಿ ಆಮೇಲೆ ನೋಡೋಣ" ಅಂದರೆ, ಬ್ಯಾಟರಿ ಬರುವವರೆಗೆ ಅದೂ ಮಾಮೂಲಿ ಗ್ರಿಡ್ ಇನ್ವರ್ಟರಿನ ಹಾಗೇ ನಿಲ್ಲುತ್ತದೆ. ಹೆಚ್ಚಿನ ಮಾಡೆಲ್‌ಗಳು ಬ್ಯಾಟರಿ ಇಲ್ಲದೆ ಬ್ಯಾಕಪ್ ಕೊಡುವುದಿಲ್ಲ. ಆದರೂ ಎರಡು ವರ್ಷದೊಳಗೆ ಬ್ಯಾಟರಿ ತರುವ ಮನಸ್ಸಿದ್ದರೆ ಈಗಲೇ ಹೈಬ್ರಿಡ್ ತೆಗೆದುಕೊಳ್ಳಿ. ಇನ್ವರ್ಟರ್ ಬದಲಿಸಿ ಮತ್ತೆ ಮಂಜೂರಾತಿಗೆ ಆಫೀಸು ಅಲೆಯುವುದು ತಪ್ಪುತ್ತದೆ.

ಮೂರನೆಯದು ಈಗಿನ ಯುಪಿಎಸ್ ಬ್ಯಾಟರಿಗೆ ಒಂದೆರಡು ಪ್ಯಾನಲ್, ಒಂದು ಸೋಲಾರ್ ಚಾರ್ಜ್ ಕಂಟ್ರೋಲರ್ ಸೇರಿಸುವುದು. ನೆಟ್ ಮೀಟರ್ (ಲೈನಿನಿಂದ ಪಡೆದದ್ದು, ಲೈನಿಗೆ ಕಳಿಸಿದ್ದು ಎರಡನ್ನೂ ಅಳೆಯುವ ಮೀಟರ್) ಇಲ್ಲ, ಸಬ್ಸಿಡಿ ಇಲ್ಲ, ಆಫೀಸು ಇಲ್ಲ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ, ಆದರೆ ಕಟ್ ಜಾಸ್ತಿ ಇರುವ ಮನೆಗೆ ಇದೇ ಬೆಸ್ಟ್.

ನಾಲ್ಕನೆಯದು ಆಫ್ ಗ್ರಿಡ್, ಅಂಗಡಿಯವರು ಸೋಲಾರ್ ಪಿಸಿಯು ಅನ್ನುವುದು. ಸೋಲಾರ್ ಮೊದಲು, ಆಮೇಲೆ ಬ್ಯಾಟರಿ, ಎರಡೂ ಇಲ್ಲದಾಗ ಲೈನ್ ಕರೆಂಟ್. ತೋಟದ ಮನೆಗೆ ಇದು. ಬ್ಯಾಟರಿ ತುಂಬಿದ ಮೇಲೆ ಬಿಸಿಲು ವ್ಯರ್ಥ ಹೋಗುತ್ತದೆ, ಅದಕ್ಕೆ ಬಟ್ಟೆ ತೊಳೆಯುವುದು, ರುಬ್ಬುವುದು, ನೀರೆತ್ತುವುದು ಎಲ್ಲ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವ ಅಭ್ಯಾಸ ಮನೆಯಲ್ಲಿ ಆಗಬೇಕು.

ಹಂತ 5: ಬ್ಯಾಕಪ್‌ಗೆ ಏನೇನು ಬೇಕು ಅಂತ ಪಟ್ಟಿ ಮಾಡಿ

ಇಡೀ ಮನೆ ನಡೆಯಬೇಕು ಅಂದರೆ ಬ್ಯಾಟರಿಯ ಬೆಲೆಗೆ ಕೊನೆಯೇ ಇಲ್ಲ. ಒಂದು ರಾತ್ರಿಗೆ ಬೇಕಾದ್ದು ಬರೆಯಿರಿ. 9 ವ್ಯಾಟಿನ ನಾಲ್ಕು ಎಲ್‌ಇಡಿ ಐದು ಗಂಟೆ ಉರಿದರೆ 180 ವ್ಯಾಟ್ ಅವರ್. 30 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆಗೆ 480. ಹಳೆಯ 75 ವ್ಯಾಟಿನ ಫ್ಯಾನೇ ಆದರೆ ಇದೇ 1,200 ಆಗುತ್ತದೆ. ಹಾಗಾಗಿ ಬ್ಯಾಟರಿ ದೊಡ್ಡದು ಮಾಡುವ ಮೊದಲು ಫ್ಯಾನ್ ಬದಲಿಸಿ. ವೈಫೈ ರೌಟರ್ 120, ಟಿವಿ ಮೂರು ಗಂಟೆಗೆ 240, ಫ್ರಿಡ್ಜ್ ಎಂಟು ಗಂಟೆಗೆ 400ರ ಹತ್ತಿರ. ಒಟ್ಟು ಸುಮಾರು 1,400, ಅಂದರೆ 1.4 ಯೂನಿಟ್.

5 ಯೂನಿಟ್ ಲಿಥಿಯಂ ಬ್ಯಾಟರಿಯಲ್ಲಿ 4ಕ್ಕಿಂತ ಜಾಸ್ತಿ ಬಳಸಬಹುದು, ಹಾಗಾಗಿ ಎರಡು ರಾತ್ರಿ ಆರಾಮಾಗಿ ನಡೆಯುತ್ತದೆ. ಯುಪಿಎಸ್‌ಗೆ ಹಾಕುವ 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಮೇಲೆ ಲೆಕ್ಕಕ್ಕೆ 1.8 ಯೂನಿಟ್ ಇದ್ದರೂ, ಅದರ ಆಯಸ್ಸು ಉಳಿಯಬೇಕಾದರೆ ಅರ್ಧಕ್ಕಿಂತ ಜಾಸ್ತಿ ತೆಗೆಯಬಾರದು. ಫ್ರಿಡ್ಜ್ ಬಿಟ್ಟರೆ ಒಂದು ರಾತ್ರಿ ಹೇಗೋ ತಳ್ಳಬಹುದು.

ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಬ್ಯಾಕಪ್ ಲೈನಿಗೆ ಬೇಡ. 1 ಎಚ್‌ಪಿ ಪಂಪು ನಡೆಯುವಾಗ 750 ವ್ಯಾಟ್ ಅಂದರೂ ಶುರುವಾಗುವ ಕ್ಷಣದಲ್ಲಿ ಮೂರು ನಾಲ್ಕು ಪಟ್ಟು ಎಳೆಯುತ್ತದೆ, ಇನ್ವರ್ಟರ್ ಟ್ರಿಪ್ ಆಗುತ್ತದೆ. ಅದಕ್ಕೆ ಮೇಲೆ ದೊಡ್ಡ ಟ್ಯಾಂಕ್ ಇಟ್ಟು, ಕರೆಂಟ್ ಇದ್ದಾಗ ತುಂಬಿಸಿಟ್ಟುಕೊಳ್ಳುವುದೇ ಅಗ್ಗ. ಬ್ಯಾಕಪ್‌ಗೆ ಬೇರೆ ಎಂಸಿಬಿ ಬೋರ್ಡ್, ಬೇರೆ ವೈರಿಂಗ್, ಬೇರೆ ನ್ಯೂಟ್ರಲ್ ಬೇಕು. ಹಳೆ ಮನೆಗಳಲ್ಲಿ ನ್ಯೂಟ್ರಲ್‌ಗಳೆಲ್ಲ ಒಂದಕ್ಕೊಂದು ಬೆರೆತಿರುತ್ತವೆ, ಅದನ್ನು ಬಿಡಿಸುವ ಕೂಲಿಯನ್ನು ಕೊಟೇಶನ್‌ನಲ್ಲೇ ಸೇರಿಸಿಸಿ.

ಹಂತ 6: ಅರ್ಜಿ ಮತ್ತು ಕಾಗದ ಪತ್ರ

ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ ನಿಮ್ಮ ಎಸ್ಕಾಂ (ಬೆಸ್ಕಾಂ, ಹೆಸ್ಕಾಂ ಥರದ ಕರೆಂಟ್ ಕಂಪನಿ) ಮತ್ತು ಬಿಲ್ ಮೇಲಿನ ಗ್ರಾಹಕರ ನಂಬರ್ ಕೊಟ್ಟು ಅರ್ಜಿ ಹಾಕುವುದು. 10 ಕಿಲೋವ್ಯಾಟ್‌ವರೆಗಿನದಕ್ಕೆ ತಾಂತ್ರಿಕ ಪರಿಶೀಲನೆ ಬೇಡ ಅಂತ 2024ರಲ್ಲೇ ನಿಯಮ ತಿದ್ದುಪಡಿ ಆಗಿದೆ, ಹಾಗಾಗಿ "ನಿಮ್ಮ ಟಿಸಿಯಲ್ಲಿ ಜಾಗ ಇದೆಯಾ ನೋಡಬೇಕು" ಅಂತ ತಿಂಗಳುಗಟ್ಟಲೆ ಕೂರಿಸಿದರೆ ಅದನ್ನು ನೆನಪಿಸಿ. ಪಟ್ಟಿಯಲ್ಲಿರುವ ವೆಂಡರ್ ಮೂಲಕವೇ ಹಾಕಿಸಬೇಕು. ಪ್ಯಾನಲ್ ಭಾರತದಲ್ಲೇ ತಯಾರಾದ ಡಿಸಿಆರ್ ಆಗಿರಬೇಕು. ಅಗ್ಗದ ಬೇರೆ ಪ್ಯಾನಲ್ ಹಾಕಿ ಸಬ್ಸಿಡಿಯೂ ಬರುತ್ತದೆ ಅಂದರೆ ನಂಬಬೇಡಿ.

ನಮ್ಮ ಕಡೆ ಅರ್ಜಿ ನಿಲ್ಲುವುದು ಹೆಸರಿನಲ್ಲಿ. ಆರ್‌ಆರ್ ನಂಬರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ, ಆಧಾರ್, ಬ್ಯಾಂಕ್ ಖಾತೆ ಮೊಮ್ಮಗನದು. ಮೊದಲು ಮೀಟರಿನ ಹೆಸರು ಬದಲಾವಣೆ ಮುಗಿಸಿ. ಹೈಬ್ರಿಡ್ ಹಾಕಿಸುವವರು ಅರ್ಜಿಯಲ್ಲೇ ಹೈಬ್ರಿಡ್ ಮಾಡೆಲ್ ಬರೆಸಿ. ಗೃಹಜ್ಯೋತಿ ಇರುವವರು ನೆಟ್ ಮೀಟರ್ ಬಂದ ಮೇಲೆ ಬಿಲ್ ಹೇಗೆ ಮಾಡುತ್ತಾರೆ ಅನ್ನೋದನ್ನು ಸೆಕ್ಷನ್ ಆಫೀಸಿನಲ್ಲಿ ಕೇಳಿ, ಬರೆದು ಕೊಡಿಸಿಕೊಂಡೇ ಸಹಿ ಹಾಕಿ.

ಹಂತ 7: ಅಳವಡಿಸುವಾಗ ಪಕ್ಕದಲ್ಲೇ ನಿಲ್ಲಿ

ಜಾಗ ಕಿಲೋವ್ಯಾಟಿಗೆ ಸುಮಾರು 100 ಚದರಡಿ ಬೇಕು. ತೆಂಗಿನ ಗರಿಯ ನೆರಳು ಒಂದು ಪ್ಯಾನಲ್ ಮೇಲೆ ಬಿದ್ದರೂ ಸಾಲಿನ ಉತ್ಪಾದನೆಗೆ ಪೆಟ್ಟು. ಮಂಗಳೂರು ಹೆಂಚಿನ ಮಾಡಿನ ಮೇಲೆ ನೇರವಾಗಿ ಕಟ್ಟಿಸುವ ಬದಲು ಅಂಗಳದಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಕೆಳಗೆ ಅಡಿಕೆ ಒಣಹಾಕುವಷ್ಟು ಎತ್ತರ ಬಿಟ್ಟರೆ ಎರಡು ಕೆಲಸವಾಗುತ್ತದೆ.

ತ್ರೀ ಫೇಸ್ ಮನೆಯವರು ಒಂದು ನಿಮಿಷ ಯೋಚಿಸಿ. "ಒಂದು ಫೇಸ್ ಹೋಗಿದೆ" ಅನ್ನೋದು ಹಳ್ಳಿಯಲ್ಲಿ ದಿನದ ಮಾತು. ತ್ರೀ ಫೇಸ್ ಇನ್ವರ್ಟರ್ ಆದರೆ ಒಂದು ಫೇಸ್ ಹೋದರೂ ಪೂರ್ತಿ ನಿಲ್ಲುತ್ತದೆ. 3 ಕಿಲೋವ್ಯಾಟಿನ ಚಿಕ್ಕ ವ್ಯವಸ್ಥೆಗೆ ಸಿಂಗಲ್ ಫೇಸ್ ಇನ್ವರ್ಟರನ್ನೇ, ಡೈರಿಯಲ್ಲಿ ಚೆನ್ನಾಗಿ ಕಂಡ ಫೇಸಿಗೆ ಹಾಕಲು ಎಸ್ಕಾಂ ಒಪ್ಪುತ್ತದಾ ಕೇಳಿ ನೋಡಿ.

ವೈರಿನ ದಪ್ಪದಲ್ಲಿ ಜಿಪುಣತನ ಬೇಡ. ಇನ್ವರ್ಟರಿನಿಂದ ಮೀಟರಿಗೆ 40 ಮೀಟರ್ ದೂರವಿದ್ದು 2.5 ಎಂಎಂ ತಾಮ್ರದ ವೈರ್ ಎಳೆದರೆ, 3 ಕಿಲೋವ್ಯಾಟ್ ಹರಿಯುವಾಗ ಇನ್ವರ್ಟರ್ ಕಡೆ ವೋಲ್ಟೇಜ್ ಏಳೆಂಟು ವೋಲ್ಟ್ ಏರುತ್ತದೆ. 6 ಎಂಎಂ ಆದರೆ ಮೂರು ವೋಲ್ಟ್. ಮೀಟರಿನಲ್ಲಿ 247 ಇರುವ ಊರಲ್ಲಿ ಈ ಏಳೆಂಟೇ ಸಾಕು 253 ದಾಟಿಸಲು.

ಮಾರ್ಚ್‌ನಿಂದ ಮೇವರೆಗಿನ ಗುಡುಗು ಸಿಡಿಲಿಗೆ ಡಿಸಿ ಕಡೆ, ಎಸಿ ಕಡೆ ಎರಡೂ ಕಡೆ ಎಸ್‌ಪಿಡಿ (ವೋಲ್ಟೇಜ್ ದಿಢೀರ್ ಏರಿದಾಗ ಕಾಯುವ ಸಾಧನ) ಇರಲಿ. ಸಿಡಿಲು ತಡೆಗೆ, ಡಿಸಿಗೆ, ಎಸಿಗೆ ಬೇರೆ ಬೇರೆ ಅರ್ಥಿಂಗ್ ಗುಂಡಿ. ಕರಾವಳಿ, ಮಲೆನಾಡಿನ ಮುರಕಲ್ಲು ನೆಲದಲ್ಲಿ ಅರ್ಥಿಂಗ್ ಸುಲಭಕ್ಕೆ ಕೂರುವುದಿಲ್ಲ, ಅಳೆದು ತೋರಿಸಲು ಹೇಳಿ.

ಒಂದು ಅಪಾಯದ ತಪ್ಪು ತಿಳಿವಳಿಕೆ ಇದೆ. ಕರೆಂಟ್ ಹೋಗಿ ಇನ್ವರ್ಟರ್ ನಿಂತಿದೆ, ಹಾಗಾದರೆ ಪ್ಯಾನಲ್ ವೈರಿನಲ್ಲಿ ಕರೆಂಟ್ ಇಲ್ಲ ಅಂತ. ಬಿಸಿಲಿರುವವರೆಗೆ ಇದ್ದೇ ಇರುತ್ತದೆ. 540 ವ್ಯಾಟಿನ ಆರು ಪ್ಯಾನಲ್ ಸಾಲಾಗಿ ಜೋಡಿಸಿದರೆ ಸುಮಾರು 300 ವೋಲ್ಟ್ ಡಿಸಿ. ಪ್ಯಾನಲ್ ಕನೆಕ್ಟರ್‌ಗಳನ್ನು ಬಿಸಿಲಲ್ಲಿ ನೀವಾಗಿ ಎಳೆಯಬೇಡಿ, ಕಿಡಿ ಹಾರಿ ಕೈ ಸುಡುತ್ತದೆ. ಮಂಗಗಳ ಕಾಟವಿರುವ ಕಡೆ ವೈರನ್ನೆಲ್ಲ ಪೈಪಿನೊಳಗೆ ಹಾಕಿಸಿ.

ಹಂತ 8: ಹಣ ಪೂರ್ತಿ ಕೊಡುವ ಮೊದಲು ಪರೀಕ್ಷೆ

ಬಿಸಿಲಿರುವ ಮಧ್ಯಾಹ್ನ, ಅಳವಡಿಸಿದವರ ಎದುರಿಗೇ ಮೇನ್ ಎಂಸಿಬಿ ಇಳಿಸಿ. ಎರಡು ಸೆಕೆಂಡಿನೊಳಗೆ ಇನ್ವರ್ಟರ್ ಗ್ರಿಡ್‌ಗೆ ಕೊಡುವುದನ್ನು ನಿಲ್ಲಿಸಬೇಕು. ಹೈಬ್ರಿಡ್ ಆದರೆ ಬ್ಯಾಕಪ್ ಬೋರ್ಡಿನ ಫ್ಯಾನ್, ದೀಪ, ರೌಟರ್ ನಿಲ್ಲದೆ ನಡೆಯಬೇಕು. ಫ್ರಿಡ್ಜ್ ಶುರುವಾಗುವವರೆಗೆ ಕಾದು ನೋಡಿ, ಎಡವುವುದಾದರೆ ಆಗಲೇ. ಆಮೇಲೆ ಮೇನ್ ಏರಿಸಿ, ಗಡಿಯಾರ ನೋಡುತ್ತಾ ಎಷ್ಟು ಹೊತ್ತಿಗೆ ಮತ್ತೆ ಉತ್ಪಾದನೆ ಶುರುವಾಗುತ್ತದೆ ಅಂತ ಬರೆದುಕೊಳ್ಳಿ. ಆ್ಯಪ್ ನಿಮ್ಮ ಫೋನಿನಲ್ಲಿ, ನಿಮ್ಮ ಹೆಸರಿನಲ್ಲಿ ತೆರೆಸಿ. ವೆಂಡರ್ ಅಕೌಂಟಿನಲ್ಲಿ ಬಿಡಬೇಡಿ.

ಹೈಬ್ರಿಡ್‌ನಲ್ಲಿ ಬ್ಯಾಟರಿ ಎಷ್ಟಕ್ಕಿಂತ ಕೆಳಗೆ ಇಳಿಯಬಾರದು ಅನ್ನೋ ಸೆಟ್ಟಿಂಗ್ ಇರುತ್ತದೆ. ಕಟ್ ಕಮ್ಮಿ ಇರುವ ತಿಂಗಳಲ್ಲಿ ಶೇ 30ಕ್ಕೆ ಇಟ್ಟು ಉಳಿದದ್ದನ್ನು ಸಂಜೆಗೆ ಬಳಸಿ. ಮಲೆನಾಡಿನವರು ಜೂನ್ ಬರುತ್ತಲೇ ಅದನ್ನು ಶೇ 80ಕ್ಕೆ ಏರಿಸಿ, ಗ್ರಿಡ್‌ನಿಂದ ಚಾರ್ಜ್ ಆಗುವುದನ್ನೂ ಆನ್ ಮಾಡಿ.

ಮೊದಲ ಎರಡು ಮೂರು ತಿಂಗಳು ಆ್ಯಪ್‌ನಲ್ಲಿ ಇನ್ವರ್ಟರ್ ಬಿಟ್ಟುಕೊಂಡ ದಾಖಲೆ ನೋಡುತ್ತಿರಿ. ಗ್ರಿಡ್ ಇಲ್ಲ ಅಂತ ನಿಂತದ್ದು ಬೇರೆ, ವೋಲ್ಟೇಜ್ ಜಾಸ್ತಿ ಅಂತ ನಿಂತದ್ದು ಬೇರೆ. ಎರಡನೆಯದು ದಿನಾ ಮಧ್ಯಾಹ್ನ ಬರುತ್ತಿದ್ದರೆ ಇನ್ವರ್ಟರಿನ ಮಿತಿಯನ್ನು 270ಕ್ಕೆ ಏರಿಸಿಕೊಡಿ ಅಂತ ಫಿಟ್ಟರ್‌ಗೆ ಹೇಳಬೇಡಿ, ಅದರ ಪೆಟ್ಟು ನಿಮ್ಮದೇ ಟಿವಿ, ಫ್ರಿಡ್ಜ್‌ಗೆ. ದಿನ, ಹೊತ್ತು, ವೋಲ್ಟ್ ಇರುವ ಪುಟಗಳನ್ನು ಪ್ರಿಂಟ್ ತೆಗೆದು ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ, 1912ಕ್ಕೆ ದೂರು ದಾಖಲಿಸಿ ನಂಬರ್ ಇಟ್ಟುಕೊಳ್ಳಿ. ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಹೊಂದಿಸುವ ಟ್ಯಾಪ್ ಒಂದು ಹಂತ ಬದಲಿಸಿದರೆ ಎಷ್ಟೋ ಕಡೆ ಸರಿಹೋಗುತ್ತದೆ, ಮತ್ತು ಬಾಯಿ ಮಾತಿನ ದೂರಿಗಿಂತ ಅಂಥ ಕಾಗದಕ್ಕೆ ಜೂನಿಯರ್ ಇಂಜಿನಿಯರ್ ಬೇಗ ಬರುತ್ತಾರೆ.